ಚಪ್ಪಡಿಯ ಕೆಳಮೈ

ನಮ್ಮ ಚಿಕ್ಕಪ್ಪ ಕಟ್ಟಿದ ಗೋಡೆಯಲ್ಲಿ ಇರುವೆಗೂ ದಾರಿ ಇರುವುದಿಲ್ಲ. ಇದನ್ನು ಹೊಗಳಿಕೆ ಎಂದುಕೊಳ್ಳಬೇಡಿ, ನಾನು ದೂರು ಹೇಳುತ್ತಿದ್ದೇನೆ. "ನಮ್ಮನೆಗೆ ಇರುವೆ ಬರ್ಬೇಕಂದ್ರೆ ಮುಂಬಾಗ್ಲಲ್ಲಿ ನಿಂತು ಬೆಲ್ ಹೊಡೀಬೇಕು" ಎಂದು ಚಿಕ್ಕಮ್ಮ ಬಂದವರ ಎದುರಿಗೆಲ್ಲ ಹಂಗಿಸುತ್ತಾಳೆ. ಚಿಕ್ಕಪ್ಪ ಅದನ್ನೂ ಬಿರುದು ಎಂದೇ ತೆಗೆದುಕೊಂಡು ಮೀಸೆಯಡಿ ನಗುತ್ತಾನೆ. ಕಲ್ಲಿಗೂ ಕಲ್ಲಿಗೂ ನಡುವೆ ಗಾರೆ ತುಂಬಿ ಅವನು ಕರಣೆಯ ತುದಿಯಿಂದ ಒಮ್ಮೆ ಎಳೆದನೆಂದರೆ ಅಲ್ಲಿ ಬ್ಲೇಡಿನ ಅಂಚೂ ಹೋಗದು. ಬೀದಿಯವರು ಅವನಿಗೆ ಇಟ್ಟ ಹೆಸರು ಸಂದಿಲ್ಲದ ಮೇಸ್ತ್ರಿ.

ಅವನನ್ನು ಯಾರ ಮನೆಗೆ ಕರೆದುಕೊಂಡು ಹೋದರೂ ಫಜೀತಿ. ನನ್ನ ಅತ್ತೆಯ ಮಗಳು ಹೊಸ ಮನೆ ಕೊಂಡಾಗ ಎಲ್ಲರೂ ಕೂತು ಟೀ ಕುಡಿಯುತ್ತಿದ್ದರೆ, ಇವನು ಕಿಟಕಿ ಚೌಕಟ್ಟಿನ ಸುತ್ತ ಹೆಬ್ಬೆರಳು ಓಡಿಸುತ್ತ ನಿಂತಿದ್ದ. "ಯಾರಮ್ಮಾ ಕಟ್ಟಿದ್ದು ಇದನ್ನ?" ಎಂದು ಅವನು ಕೇಳಿದ ಧಾಟಿಗೆ ಅವಳು ಇವತ್ತಿಗೂ ನಮ್ಮನ್ನು ಮನೆಗೆ ಕರೆಯುವುದಿಲ್ಲ.

ಈ ಹುಚ್ಚು ಹತ್ತಿಸಿದ್ದು ಒಂದು ಹಾವು. ಇನ್ನೂ ಮೀಸೆ ಚಿಗುರುತ್ತಿದ್ದ ವಯಸ್ಸಿನಲ್ಲಿ ಅವನು ಕಟ್ಟಿದ ಮೊದಲ ಗೋಡೆಯ ಸಂದಿನಲ್ಲಿ ಹಾವೊಂದು ಹೊಕ್ಕು ಕೂತಿತ್ತಂತೆ. ಮನೆಯ ಯಜಮಾನ ಕೆಲಸಗಾರರೆಲ್ಲರ ಎದುರಿಗೆ "ನನಗೆ ಮನೆ ಕಟ್ಟು ಅಂದ್ರೆ ಹಾವಿಗೆ ಕಟ್ಟಿದ್ದೀಯಲ್ಲೋ" ಎಂದು ಉಗಿದು ಓಡಿಸಿದನಂತೆ. ಅಂದಿನಿಂದ ಸಂದು ಕಂಡರೆ ಚಿಕ್ಕಪ್ಪನ ಕೈ ತುರಿಸುತ್ತದೆ. ಹಾವು ಕಂಡರಂತೂ ಕುರ್ಚಿ ಹತ್ತಿ ನಿಲ್ಲುತ್ತಾನೆ. ಅಂಥವನ ಅಣ್ಣನ ಮಗಳಾಗಿ ಹುಟ್ಟಿದ ನಾನು ಹಾವು ಕಾಯುವ ಕೆಲಸಕ್ಕೆ ಸೇರಿದೆ.

ನನ್ನ ಕಚೇರಿ ಎಂದರೆ ವನ್ಯಜೀವಿ ಇಲಾಖೆಯ ಕಟ್ಟಡದ ಹಿಂಭಾಗದ ಒಂದು ಕೋಣೆ. ಬಾಗಿಲು ಸರಿಯಾಗಿ ಮುಚ್ಚದ ಕಬ್ಬಿಣದ ಬೀರು, ತಿರುಗಿದರೆ ನರಳುವ ಫ್ಯಾನು, ಒಂದು ಕಾಲಿಗೆ ರಟ್ಟು ಕೊಟ್ಟ ಮೇಜು. ಕಿಟಕಿಯಿಂದ ಬೋಳು ಬಂಡೆಯ ಬೆಟ್ಟ ಕಾಣುತ್ತದೆ. ಆ ಬೆಟ್ಟದಲ್ಲಿ ಚಪ್ಪಡಿ ಹಾವು ಇದೆ, ಬೇರೆಲ್ಲೂ ಇಲ್ಲ. ಕಿರುಬೆರಳಿನ ದಪ್ಪ, ಕಂದು ಮೈ, ಮೇಲೆ ಕರಿ ಚುಕ್ಕಿ. ಮೊಟ್ಟೆಯಿಡದೆ ಮರಿಯನ್ನೇ ಹಾಕುವ ಜಾತಿ. ವಿಷವೂ ಇಲ್ಲ, ಸಿಟ್ಟೂ ಇಲ್ಲ. ಸಿಟ್ಟೆಲ್ಲ ನನಗೇ ಬಂದುಬಿಟ್ಟಿದೆ.

ಈ ಹಾವಿಗೆ ಬೇಕಾದ್ದು ತೀರಾ ಸ್ವಲ್ಪ. ಹಾಸುಬಂಡೆಯ ಮೇಲೆ ಒಂದು ತೆಳು ಚಪ್ಪಡಿ, ಎರಡರ ನಡುವೆ ಹೆಬ್ಬೆರಳು ತೂರುವಷ್ಟು ಸಂದು. ಬಿಸಿಲಿಗೆ ಚಪ್ಪಡಿ ಕಾದರೆ ಹಾವಿನ ಮೈ ಬೆಚ್ಚಗಾಗುತ್ತದೆ. ಬಸುರಿಯಾದ ಹಾವಿಗೆ ಆ ಬಿಸಿ ಇಲ್ಲದಿದ್ದರೆ ಹೊಟ್ಟೆಯಲ್ಲಿರುವ ಮರಿ ಬೆಳೆಯುವುದಿಲ್ಲ. ಅಂಥ ಚಪ್ಪಡಿಯೊಂದು ಬಂಡೆಯಿಂದ ತಾನಾಗಿ ಬಿಡಿಸಿಕೊಳ್ಳಲು ಎಷ್ಟೋ ತಲೆಮಾರು ಬೇಕು, ಲಾರಿಗೆ ಏರಿಸಲು ಒಂದು ಟೀ ಕುಡಿಯುವಷ್ಟು ಹೊತ್ತು ಸಾಕು. ಉದ್ಯಾನಗಳ ಕಾಲುದಾರಿಗೆ ಹಾಸಲು ಜನ ಇದೇ ಕಲ್ಲನ್ನು ಮೆಚ್ಚುತ್ತಾರೆ. ಉಳಿದ ಕಲ್ಲುಗಳನ್ನು ಹಾವಿನ ಫೋಟೋ ಹುಚ್ಚಿನವರು ಎತ್ತಿ ನೋಡಿ, ಪಾತ್ರೆಯ ಮುಚ್ಚಳವನ್ನು ಓರೆಯಾಗಿ ಎಸೆದಂತೆ ಎಸೆದು ಹೋಗುತ್ತಾರೆ. ಸಂದು ಕೆಟ್ಟ ಮೇಲೆ ಅದು ಹಾವಿನ ಪಾಲಿಗೆ ಬರೀ ಕಲ್ಲು. ಇನ್ನು ಹಾವು ಕಣ್ಣಿಗೆ ಬಿದ್ದರೆ ಯಾವ ಜಾತಿಯದೆಂದು ಕೇಳದೆ ದೊಣ್ಣೆ ಎತ್ತುವವರ ವಿಷಯ ನಾನು ಹೇಳಬೇಕಾಗಿಲ್ಲ. 'ಇಲ್ಲಿ ಅಳಿವಿನಂಚಿನ ಹಾವು ಇದೆ, ಕಲ್ಲು ಎತ್ತಬೇಡಿ' ಎಂದು ಬೆಟ್ಟದ ಬುಡದಲ್ಲಿ ಹಾಕಿದ್ದ ಫಲಕಕ್ಕೆ ಕಲ್ಲಿನ ಲಾರಿಯೇ ಗುದ್ದಿ ಹೋಯಿತು.

ಆ ವರ್ಷ ನಮಗೆ ಕಾಣಸಿಕ್ಕ ಬಸುರಿ ಹಾವು ಒಂದೇ. ಬಾಲದ ತುದಿ ಎಂದೋ ತುಂಡಾಗಿದ್ದರಿಂದ ನಾನು ಅವಳನ್ನು ಮೋಟಿ ಎಂದು ಕರೆಯುತ್ತಿದ್ದೆ. ಅವಳಿದ್ದ ಚಪ್ಪಡಿ ಲಾರಿ ಹತ್ತಿತ್ತು. ಯಾರೋ ಬಿಟ್ಟುಹೋದ ತಗಡಿನ ತುಂಡಿನಡಿ ಅವಳು ವಾಸವಾಗಿದ್ದಳು. ಮಧ್ಯಾಹ್ನದ ಹೊತ್ತಿಗೆ ಆ ತಗಡು ಕಾದ ಕಾವಲಿ. ಬಿಸಿಲು ಬಲಿಯುವ ಮುಂಚೆ ಅವಳಿಗೊಂದು ಮನೆ ಆಗದಿದ್ದರೆ ತಾಯಿಯೂ ಇಲ್ಲ, ಮರಿಯೂ ಇಲ್ಲ.

ಇಲಾಖೆ ಸಿಮೆಂಟಿನ ಚಪ್ಪಡಿ ಹಾಕಲು ಒಪ್ಪಿ ಕಾರ್ಖಾನೆಯಿಂದ ತರಿಸಿತು. ಬಂದವು ಮೆಟ್ಟಿಲಿನಷ್ಟು ದಪ್ಪದವು. ಸಂಜೆಯಾದರೂ ಕಾಯುತ್ತಿರಲಿಲ್ಲ. ಹಲ್ಲಿಗಳೂ ಮೂಗು ಮುರಿದವು. ಆಗ ನಾನು ನಮ್ಮ ಅಧಿಕಾರಿಯ ಮುಂದೆ ಚಿಕ್ಕಪ್ಪನ ಹೆಸರು ಹೇಳಿದೆ.

ಚಿಕ್ಕಪ್ಪ ಮೊದಲು ನಕ್ಕ. "ಹಾವಿಗೆ ಮನೆ? ನಾನು? ಆ ಯಜಮಾನನ ಮಾತು ಇಷ್ಟು ವರ್ಷದ ಮೇಲೆ ಫಲಿಸ್ತಾ?"

"ಕಟ್ಟಿಕೊಡ್ರೀ" ಎಂದಳು ಚಿಕ್ಕಮ್ಮ. "ಅಂಥ ಬಾಡಿಗೆದಾರರು ಸಿಗಲ್ಲ. ಗೋಡೆಗೆ ಮೊಳೆ ಹೊಡಿಯಲ್ಲ, ನೆಂಟರನ್ನ ಕರ್ಕೊಂಡು ಬರಲ್ಲ."

"ಬಿಡು ಚಿಕ್ಕಪ್ಪ, ನಿನ್ನ ಕೈಲಿ ಆಗಲ್ಲ" ಎಂದೆ ನಾನು. "ಕಾರ್ಖಾನೆಯವರ ಕೈಲೇ ಆಗ್ಲಿಲ್ಲ."

ಅಷ್ಟು ಸಾಕಾಯಿತು. ಮರುದಿನವೇ ಬೆಟ್ಟ ಹತ್ತಿ, ಉಳಿದಿದ್ದ ನಿಜವಾದ ಚಪ್ಪಡಿಗಳ ಮೇಲೆ ಜೇಡಿಮಣ್ಣು ಒತ್ತಿ ಅಚ್ಚು ತೆಗೆದ. ಹಿತ್ತಿಲಲ್ಲಿ ಸಿಮೆಂಟಿಗೆ ಮಸಿ, ಇಟ್ಟಿಗೆ ಪುಡಿ, ಮರಳು ಬೆರೆಸಿ ತಲೆ ಕೆಡಿಸಿಕೊಂಡ. ಪಾಚಿ ಹಿಡಿಯಲೆಂದು ಹುಳಿ ಮೊಸರು ಸವರಿದ. ಚಿಕ್ಕಮ್ಮ ಮೊಸರಿನ ಪಾತ್ರೆಯನ್ನು ಬಚ್ಚಿಡತೊಡಗಿದಳು. ಕೊನೆಗೆ ಅವನು ಮಾಡಿದ್ದನ್ನು ನಿಜವಾದ ಕಲ್ಲಿನ ಪಕ್ಕದಲ್ಲಿಟ್ಟರೆ ಯಾವುದು ಯಾವುದೆಂದು ನನಗೂ ತಿಳಿಯಲಿಲ್ಲ.

ಸಂದು ಬಿಟ್ಟು ಕೂರಿಸಬೇಕೆಂದು ಸಾವಿರ ಸಲ ಹೇಳಿ ನಾನು ತರಬೇತಿಗೆಂದು ಕೇಂದ್ರ ಕಚೇರಿಗೆ ಹೋದೆ. ವಾಪಸು ಬಂದು ಬೆಟ್ಟ ಹತ್ತಿ ನೋಡಿದರೆ ಚಪ್ಪಡಿಗಳು ಸಾಲಾಗಿ ಕೂತಿವೆ, ಮೋಟಿ ಮಾತ್ರ ತಗಡಿನಡಿಯೇ ಇದ್ದಾಳೆ. ಬಗ್ಗಿ ನೋಡಿದೆ. ಪ್ರತಿಯೊಂದು ಚಪ್ಪಡಿಯ ಸುತ್ತಲೂ ಗಾರೆ ಮೆತ್ತಿ, ಕರಣೆಯಿಂದ ನುಣ್ಣಗೆ ಎಳೆದಿತ್ತು. ಬ್ಲೇಡಿನ ಅಂಚೂ ಹೋಗದ ಹಾಗೆ.

ನೇರ ಅವನ ಮನೆಗೆ ಹೋಗಿ ಚಪ್ಪಲಿಯನ್ನೂ ಬಿಡದೆ ಕೂಗಾಡಿದೆ.

"ಬಿಟ್ಟಿದ್ದೆ ಕಣೇ" ಎಂದ ಚಿಕ್ಕಪ್ಪ, ಮುಖ ಚಿಕ್ಕದು ಮಾಡಿಕೊಂಡು. "ನೀನು ಹೇಳಿದಷ್ಟೇ ಬಿಟ್ಟಿದ್ದೆ. ದೂರ ನಿಂತು ನೋಡಿದ್ರೆ ಅಸಹ್ಯವಾಗಿ ಕಾಣ್ತಿತ್ತು. ಯಾರಾದ್ರೂ ನೋಡಿದ್ರೆ ಏನಂದ್ಕೋತಾರೆ?"

"ಅಲ್ಲಿ ನೋಡೋಕೆ ಯಾರಿದ್ದಾರೆ? ಹಾವಾ?"

"ಕೈ ತಾನಾಗೇ ಹೋಯ್ತು."

ಒಬ್ಬ ಮನುಷ್ಯ ಇಡೀ ಆಯುಷ್ಯ ಒಂದು ಕೆಲಸವನ್ನು ಅಷ್ಟು ಚೆನ್ನಾಗಿ ಮಾಡಬಾರದು ಎಂದು ನನಗೆ ಅನ್ನಿಸಿದ್ದು ಅಂದೇ. ಉಳಿ ಸುತ್ತಿಗೆ ಹಿಡಿದು ಅವನು ತನ್ನದೇ ಗಾರೆಯನ್ನು ಕೆತ್ತಿ ತೆಗೆದ. ಒಂದೊಂದು ಏಟಿಗೂ ಹಲ್ಲು ಕಿತ್ತಿಸಿಕೊಳ್ಳುವವನ ಹಾಗೆ ಮುಖ ಹಿಂಡುತ್ತಿದ್ದ. ಮುಗಿದ ಮೇಲೆ ಎಲ್ಲ ಸಂದುಗಳಲ್ಲೂ ತನ್ನ ಹೆಬ್ಬೆರಳು ತೂರಿಸಿ ನೋಡಿದ, ಸಂದಿನ ಕಡೆ ಮಾತ್ರ ನೋಡಲಿಲ್ಲ.

ಮೋಟಿ ಬಂದಳು. ಉದ್ದ ಕಡ್ಡಿಗೆ ಕಟ್ಟಿದ ಪುಟ್ಟ ಕನ್ನಡಿಯನ್ನು ಸಂದಿಗೆ ತೂರಿಸಿ ನೋಡುವುದು ನಮ್ಮ ಪದ್ಧತಿ, ಕಲ್ಲು ಎತ್ತುವಂತಿಲ್ಲ. ಕನ್ನಡಿಯಲ್ಲಿ ಆ ಮೋಟು ಬಾಲ ಕಂಡಾಗ ನಾನು ಬಂಡೆಯ ಮೇಲೆ ಅಂಗಾತ ಮಲಗಿ ಒಬ್ಬಳೇ ನಕ್ಕೆ. ಆ ನಗು ವಾರ ಬಾಳಲಿಲ್ಲ. ಮುಂದಿನ ಸಲ ಹೋದಾಗ ಚಪ್ಪಡಿಗಳೇ ಇರಲಿಲ್ಲ. ಇದ್ದದ್ದು ಟೈರಿನ ಗುರುತು. ಮೋಟಿ ಮತ್ತೆ ತಗಡಿನಡಿ, ಬಾಯಿ ತೆರೆದುಕೊಂಡು ಏದುಸಿರು ಬಿಡುತ್ತಿದ್ದಳು. ನನ್ನ ದುಪಟ್ಟಾವನ್ನು ನೀರಲ್ಲಿ ಅದ್ದಿ ತಗಡಿನ ಮೇಲೆ ಹೊದಿಸಿ ಬಂದೆ.

ಹುಡುಕುವುದೇನೂ ಕಷ್ಟವಾಗಲಿಲ್ಲ. ಹೆದ್ದಾರಿ ಬದಿಯ ತೋಟದ ಕಲ್ಲಿನ ಅಂಗಡಿಯಲ್ಲಿ, ಬಾಗಿಲಲ್ಲೇ ಕಟ್ಟಿದ ಪುಟ್ಟ ಜಲಪಾತದ ಸುತ್ತ ಚಿಕ್ಕಪ್ಪನ ಚಪ್ಪಡಿಗಳು, ಮೊಸರಿನ ಪಾಚಿಯ ಸಮೇತ ಮೆರೆಯುತ್ತಿದ್ದವು. 'ಅಪ್ಪಟ ಬೆಟ್ಟದ ಕಲ್ಲು' ಎಂದು ಬೋರ್ಡು.

"ನೋಡೇ, ಅಪ್ಪಟ ಅಂತ ಬರ್ದಿದ್ದಾನೆ!" ಎಂದ ಚಿಕ್ಕಪ್ಪ. ಅವನ ಮುಖ ಅರಳಿತ್ತು. ನನಗೆ ಅವನ ತಲೆಗೇ ಒಂದು ಕುಟ್ಟಬೇಕೆನಿಸಿತು. ನನ್ನ ಮುಖ ನೋಡಿದ ಮೇಲೆ ಅವನ ನಗು ಆರಿತು.

ಅಧಿಕಾರಿಯ ಬಳಿ ಹೋದೆ. "ಬೆಟ್ಟದ ಕಲ್ಲು ಕದ್ದಿದ್ರೆ ಕೇಸು ಹಾಕಬಹುದಿತ್ತು" ಎಂದರು ಅವರು, ಪೆನ್ನಿನ ಮುಚ್ಚಳ ತೆಗೆದು ಹಾಕುತ್ತ. "ಇದು ಸಿಮೆಂಟು. ಸಿಮೆಂಟಿಗೆ ಎಲ್ಲಿದೆ ಕಾನೂನು? ನಿಮ್ಮದೇ ಅನ್ನೋಕೆ ಗುರುತೇನು?" ಆಮೇಲೆ ಕುರ್ಚಿ ಮುಂದೆ ಎಳೆದುಕೊಂಡು, ನಮ್ಮ ಹಾವು ಸಂರಕ್ಷಣಾ ಸಪ್ತಾಹದ ಬ್ಯಾನರು, ಟೋಪಿ ಎಲ್ಲ ಆ ಅಂಗಡಿಯವರದ್ದೇ ಕೊಡುಗೆ ಎಂದೂ ಹೇಳಿದರು. ನಾನು ಕೋಣೆಗೆ ಬಂದು ಬೀರುವಿನ ಬಾಗಿಲನ್ನು ಒದ್ದೆ. ಅದು ಅಂದಿನಿಂದ ಸರಿಯಾಗಿ ಮುಚ್ಚುತ್ತಿದೆ. ಆ ಇಲಾಖೆಯಲ್ಲಿ ನನ್ನಿಂದ ಸರಿಹೋದದ್ದು ಅದೊಂದೇ.

ಉಳಿದದ್ದು ಒಂದೇ ದಾರಿ. ಚಿಕ್ಕಪ್ಪನಿಗೆ ಹೇಳಿದೆ, "ಯಾರೂ ಕದಿಯೋಕೆ ಆಸೆ ಪಡದ ಹಾಗೆ ಮಾಡು. ಕೆಟ್ಟದಾಗಿ ಮಾಡು."

ಅವನು ಕರಣೆ ಕೆಳಗಿಟ್ಟ. "ಏನಂದೆ?"

"ಕುರೂಪವಾಗಿ ಮಾಡು. ನೋಡಿದೋರು ಥೂ ಅನ್ಬೇಕು."

"ನಾನು ಮಾಡಿದ್ದು ಅಂತ ಊರಿಗೆಲ್ಲ ಗೊತ್ತು. ಈ ವಯಸ್ಸಲ್ಲಿ ನನ್ನ ಮರ್ಯಾದೆ ಬೆಟ್ಟದ ಮೇಲೆ ಹರಾಜಿಗೆ ಇಡ್ಬೇಕಾ? ಹೋಗು, ಬೇರೆ ಯಾರನ್ನಾದ್ರೂ ಹುಡ್ಕು."

ಮಾತು ಬಿಟ್ಟ. ನಾನು ಫೋನು ಮಾಡಿದರೆ ಚಿಕ್ಕಮ್ಮನ ಕೈಗೆ ಕೊಡುತ್ತಿದ್ದ. "ಸಾಂಬಾರ್ ಪಾತ್ರೆಗೂ ಮುಖ ತೋರ್ಸ್ತಿಲ್ಲ ಕಣೇ, ಗೋಡೆ ನೋಡ್ಕೊಂಡು ಕೂತಿದ್ದಾರೆ" ಎಂದು ಅವಳು ಪಿಸುಗುಟ್ಟಿದಳು. ನನಗೂ ಹಟ. ದಿನಾ ಬೆಟ್ಟಕ್ಕೆ ಹೋಗಿ ದುಪಟ್ಟಾ ಒದ್ದೆ ಮಾಡಿ ಬರುತ್ತಿದ್ದೆ. ಮೋಟಿಯ ಹೊಟ್ಟೆ ದಪ್ಪವಾಗುತ್ತಿತ್ತು, ಬಿಸಿಲು ಏರುತ್ತಿತ್ತು.

ಒಂದು ಬೆಳಿಗ್ಗೆ ನಾನು ಬೆಟ್ಟದ ಬುಡ ತಲುಪುವಾಗ ಚಿಕ್ಕಪ್ಪ ತಳ್ಳುಗಾಡಿ ಹಿಡಿದು ನಿಂತಿದ್ದ. ಗಾಡಿಯಲ್ಲಿ ಒಂದು ಚಪ್ಪಡಿ. ಅದನ್ನು ನೋಡಿ ನಾನೇ ಥೂ ಎಂದೆ. ಮೇಲ್ಮೈಯೆಲ್ಲ ಗಂಟು, ಗುಳಿ, ಬೆರಳಚ್ಚು, ಅಂಚು ಸೊಟ್ಟ, ಬಣ್ಣವಂತೂ ಹೇಳುವ ಹಾಗಿಲ್ಲ. ಇಬ್ಬರೂ ಸೇರಿ ಹೊತ್ತುಕೊಂಡು ಹೋಗಿ ಇಳಿಸುವಾಗ ಅದರ ಅಡಿಭಾಗ ನನ್ನ ಕೈಗೆ ತಾಗಿತು. ಬಗ್ಗಿ ನೋಡಿದೆ. ಬೆಟ್ಟದ ಕಲ್ಲಿನ ಒಂದೊಂದು ಎಳೆ, ನೀರು ಹರಿದು ಸವೆದ ಸಣ್ಣ ಸಣ್ಣ ಅಲೆ, ಹಾವು ಮೈ ಉಜ್ಜಿ ಪೊರೆ ಬಿಡಿಸಿಕೊಳ್ಳಲು ಹದವಾದ ತರಿ, ಎಲ್ಲವೂ ಇತ್ತು. ಅಷ್ಟು ಚಂದದ ಕೆಲಸವನ್ನು ಅವನು ಯಾವ ಮನೆಗೂ ಮಾಡಿಕೊಟ್ಟಿರಲಿಲ್ಲ.

"ಇದ್ಯಾಕೆ ಹೀಗೆ?" ಎಂದು ಕೇಳಿದೆ.

"ಮೇಲಿಂದು ಕಳ್ಳರಿಗೆ. ಕೆಳಗಿಂದು ಅವಳಿಗೆ" ಎಂದ. "ಒಂದು ಕಡೆನಾದ್ರೂ ನೆಟ್ಟಗಿರ್ಲಿ. ಇಲ್ದಿದ್ರೆ ನನಗೆ ನಿದ್ದೆ ಬರಲ್ಲ."

ಬಿಸಿಲಿಗೆ ಅದು ಹದವಾಗಿ ಕಾಯುತ್ತಿತ್ತು. ಎರಡೇ ದಿನದಲ್ಲಿ ಮೋಟಿ ಒಳಗೆ ಬಂದಳು. ಇನ್ನಷ್ಟು ಇಂಥವೇ ಚಪ್ಪಡಿ ಮಾಡಲು ಚಿಕ್ಕಪ್ಪ ಮರಳು ಜರಡಿ ಹಿಡಿಯತೊಡಗಿದ. ಅಷ್ಟರಲ್ಲಿ ಸಪ್ತಾಹ ಬಂತು.

ಬೆಟ್ಟಕ್ಕೆ ಯಾರನ್ನೂ ಕರೆತರಬೇಡಿ ಎಂದು ಅಧಿಕಾರಿಯನ್ನು ಬೇಡಿಕೊಂಡಿದ್ದೆ. ಅವರು ಕರೆತಂದರು. ಹೊಸ ಟೋಪಿ ಹಾಕಿಕೊಂಡ, ಫೋನು ಮೇಲೆತ್ತಿಕೊಂಡ ಒಂದು ಗುಂಪು, ಅದರ ಮುಂದೆ ತೋಟದ ಕಲ್ಲಿನ ವ್ಯಾಪಾರಿ. ಚಿಕ್ಕಪ್ಪ ತೊಳೆದ ಅಂಗಿ ಹಾಕಿಕೊಂಡು ಬಂದಿದ್ದ. ಅಧಿಕಾರಿ ಚಪ್ಪಡಿಯ ಮುಂದೆ ನಿಂತು, ಬೂಟಿನ ತುದಿಯಿಂದ ಅದನ್ನು ತಟ್ಟಿದರು.

"ಇದೇನ್ರೀ ಮೇಸ್ತ್ರಿ? ಒಣಗೋ ಮುಂಚೆ ಎಮ್ಮೆ ಹೊರಳಾಡಿ ಹೋಯ್ತಾ?"

ಗುಂಪು ಗೊಳ್ಳೆಂದಿತು. "ಚರಂಡಿ ಮುಚ್ಚೋಕೂ ಇದನ್ನ ಯಾರೂ ತಗೊಳಲ್ಲ" ಎಂದ ವ್ಯಾಪಾರಿ. ಆಮೇಲೆ ಚಿಕ್ಕಪ್ಪನ ಕಡೆ ತಿರುಗಿ, ನಾಚಿಕೆ ಎಂಬುದು ಹತ್ತಿರವೂ ಸುಳಿಯದವನ ಹಾಗೆ, "ಮೊದಲು ಮಾಡಿದ್ರಲ್ಲ, ಅವು ಎಷ್ಟು ಚೆನ್ನಾಗಿದ್ವು!" ಎಂದ. ಅವನು ಅವನ್ನು ಎಲ್ಲಿ ನೋಡಿದ ಎಂದು ಯಾರೂ ಕೇಳಲಿಲ್ಲ. ನಾನು ಬಾಯಿ ತೆರೆದೆ. ಆದರೆ ಏನು ಹೇಳಲಿ? ಇದರ ಕೆಳಗೆ ನೋಡಿ, ಅಲ್ಲಿದೆ ಕೆಲಸ ಎನ್ನಲೇ? ಅಷ್ಟು ಹೇಳಿದರೆ ಆ ಫೋನುಗಳೆಲ್ಲ ಕೆಳಗೆ ಬಗ್ಗುತ್ತವೆ, ಎಷ್ಟೋ ಕೈಗಳು ಚಪ್ಪಡಿಗೆ ಬೀಳುತ್ತವೆ. ಅಡಿಯಲ್ಲಿ ಮೋಟಿ ತುಂಬು ಬಸುರಿ.

"ವಯಸ್ಸಾಯ್ತು ಇವರಿಗೆ" ಎಂದರು ಅಧಿಕಾರಿ, ಗುಂಪಿಗೆ ವಿವರಿಸುವಂತೆ. "ಒಂದು ಕಾಲದಲ್ಲಿ ಒಳ್ಳೆ ಕೆಲಸಗಾರರಂತೆ."

ಚಿಕ್ಕಪ್ಪನ ಕಿವಿ ಕೆಂಪಾಯಿತು. ಅವನು ಮಂಡಿಯೂರಿದ. ಅವನ ಬೆರಳುಗಳು ಚಪ್ಪಡಿಯ ಅಂಚಿನಡಿಗೆ, ಅವನೇ ಬಿಟ್ಟ ಸಂದಿಗೆ ಹೊಕ್ಕವು. ಹಾವೆಂದರೆ ಕುರ್ಚಿ ಹತ್ತುವ ಮನುಷ್ಯನ ಬೆರಳು, ಹಾವಿನಿಂದ ಗೇಣು ದೂರದಲ್ಲಿ. ತೋಳಿನ ನರ ಉಬ್ಬಿದ್ದು ಕಂಡಿತು. ಒಂದು ಸಲ ಎತ್ತಿ ತಿರುಗಿಸಿದರೆ ಸಾಕು, ಆ ಟೋಪಿಗಳೆಲ್ಲ ಬಾಯಿ ಮುಚ್ಚುತ್ತಿದ್ದವು. ಅವನು ನನ್ನ ಕಡೆ ನೋಡಲೂ ಇಲ್ಲ.

ಬೆರಳು ಹೊರಗೆ ಬಂದವು. ಅಂಗಿಗೆ ಧೂಳು ಒರೆಸಿಕೊಂಡು ಎದ್ದ. "ಹೌದು ಸ್ವಾಮಿ" ಎಂದ. "ಮೊದಲಿನ ಹಾಗೆ ಕೈ ಓಡ್ತಾ ಇಲ್ಲ."

ಅಧಿಕಾರಿ ಅವನ ಬೆನ್ನು ತಟ್ಟಿ ವಿಶ್ರಾಂತಿ ತೆಗೆದುಕೊಳ್ಳಲು ಹೇಳಿದರು. ಉಳಿದ ಚಪ್ಪಡಿಗಳನ್ನು ಕಾರ್ಖಾನೆಯಿಂದಲೇ ತರಿಸುವುದೆಂದು ಅಲ್ಲಿಯೇ ತೀರ್ಮಾನವಾಯಿತು. ಸಂಜೆ ಅವರೊಬ್ಬರೇ ಇದ್ದಾಗ ನಾನು ಎಲ್ಲವನ್ನೂ ಬಿಡಿಸಿ ಹೇಳಿದೆ. "ಅಲ್ಲೇ ಹೇಳ್ಬಾರ್ದಿತ್ತೇನ್ರೀ?" ಎಂದರು. ಯಾರ ಎದುರಿಗೆ ಹೇಳಬೇಕಿತ್ತು ಎಂದು ಕೇಳಿದೆ. ಆದೇಶ ಹೋಗಿಯಾಯಿತು, ಮುಂದಿನ ವರ್ಷ ನೋಡೋಣ ಎಂದರು. ಮೆಟ್ಟಿಲಿನಷ್ಟು ದಪ್ಪದ ಚಪ್ಪಡಿಗಳು ಬಂದು ಬೆಟ್ಟದ ಮೇಲೆ ಕೂತವು. ಅವುಗಳ ಅಡಿ ಇವತ್ತಿಗೂ ಒಂದು ಹುಳವೂ ಇಲ್ಲ. ಫೋಟೋದಲ್ಲಿ ಮಾತ್ರ ಬಹಳ ಅಂದವಾಗಿ ಕಾಣುತ್ತವೆ.

ಮೋಟಿ ಮರಿ ಹಾಕಿದಳು. ಕನ್ನಡಿಯಲ್ಲಿ ಮೊದಲು ಬೂಟಿನ ಲಾಡಿ ಬಿದ್ದಿದೆ ಎಂದುಕೊಂಡೆ, ಆಮೇಲೆ ಲಾಡಿ ಹೊರಳಿತು. ಚಿಕ್ಕಪ್ಪನನ್ನು ಎಳೆದುಕೊಂಡು ಹೋಗಿ ಕಡ್ಡಿಯನ್ನು ಅವನ ಕೈಗೆ ಕೊಟ್ಟೆ. ಬಂಡೆಯ ಮೇಲೆ ಬೋರಲು ಮಲಗಿ, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದ.

"ಕಂಡ್ವಾ?"

"ತಡಿಯೇ. ಮೇಲ್ಗಡೆ ಬಿರುಕು ಬಿಟ್ಟಿಲ್ಲ ತಾನೆ ಅಂತ ನೋಡ್ತಿದ್ದೀನಿ." ಆಮೇಲೆ ಕನ್ನಡಿಯನ್ನು ಕೆಳಗೆ ತಿರುಗಿಸಿದ. ಮೈ ಒಮ್ಮೆ ಜುಮ್ಮೆಂದದ್ದು ನನಗೆ ಕಾಣಿಸಿತು. ಕಡ್ಡಿ ಮಾತ್ರ ಬಿಡಲಿಲ್ಲ. "ಇಷ್ಟು ಜನಕ್ಕೆ ಇದೊಂದೇ ಮನೆ ಸಾಲಲ್ಲ" ಎಂದ.

ಈಗ ಅವನು ಯಾರ ಆದೇಶವೂ ಇಲ್ಲದೆ ಹಿತ್ತಿಲಲ್ಲಿ ಚಪ್ಪಡಿ ಮಾಡುತ್ತಾನೆ. ಸಂದಿಲ್ಲದ ಮೇಸ್ತ್ರಿಯ ಕೈ ಬಿದ್ದುಹೋಯಿತು ಎಂಬ ಸುದ್ದಿ ಬೀದಿ ತುಂಬ ಹರಡಿದೆ. ಕಾಂಪೌಂಡು ಕಟ್ಟಲು ಕರೆದಿದ್ದವರೊಬ್ಬರು ಬೇಡ ಎಂದು ಹೇಳಿ ಕಳಿಸಿದರು. ಚಿಕ್ಕಮ್ಮ ಮೊದಲ ಸಲ ಹಂಗಿಸುವುದನ್ನು ಬಿಟ್ಟಿದ್ದಾಳೆ, ಅದು ನನಗೆ ಇನ್ನೂ ಸಂಕಟ. ಮೊನ್ನೆ ನಾನು ಅಲ್ಲಿದ್ದಾಗ, ಅವನು ಒಂದು ಚಪ್ಪಡಿಯನ್ನು ಅಂಗಾತ ಮಲಗಿಸಿಕೊಂಡು ಅದರ ಕೆಳಮೈಗೆ ಸೂಜಿಯಿಂದ ಎಳೆ ಕೊರೆಯುತ್ತಿದ್ದ. ಪಕ್ಕದ ಮನೆಯಾತ ಕೆಮ್ಮಿಕೊಂಡು ಗೋಡೆಯ ಹತ್ತಿರ ಬರುವುದು ಕೇಳಿಸಿತು. ಅವನು ಇಣುಕುವಷ್ಟರಲ್ಲಿ ಚಿಕ್ಕಪ್ಪ ಚಪ್ಪಡಿಯನ್ನು ಮೆಲ್ಲಗೆ ಮಗುಚಿ ಹಾಕಿದ್ದ.

"ಛೆ ಛೆ, ಏನ್ ಮೇಸ್ತ್ರಿಗಳೇ ಇದು, ನಿಮ್ಮ ಕೈಲಿ ಇಂಥದ್ದಾ!" ಎಂದ ಆತ, ಗಂಟು ಗುಳಿಗಳನ್ನು ನೋಡಿ.

ನಾನು ಎದ್ದು ನಿಂತೆ. ಚಿಕ್ಕಪ್ಪ ನನ್ನ ಕೈ ಜಗ್ಗಿ ಕೂರಿಸಿದ.

"ಏನ್ಮಾಡೋದಪ್ಪ, ವಯಸ್ಸು" ಎಂದ ಅವನಿಗೆ. ಆತ ಹೋಗುವವರೆಗೂ ಚಪ್ಪಡಿಯ ಮೇಲೆ ಎರಡೂ ಅಂಗೈ ಊರಿಕೊಂಡೇ ಕೂತಿದ್ದ.